ನನ್ನಜ್ಜ ಧ್ಯಾನಕ್ಕೆ ಕೂತವನಲ್ಲ

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಗೆಳೆಯನೊಬ್ಬ ನಮ್ಮೂರಿಗೆ ಬಂದಿದ್ದ. ಅಂಕೋಲೆಯಿಂದ ಒಳಗೆ, ಗಂಗಾವಳಿ ದಂಡೆಗೆ ಹತ್ತಿರದ ಊರು ನಮ್ಮದು. ಅವನ ಬ್ಯಾಗಿನಲ್ಲಿ ಮಡಚುವ ಫೈಬರ್ ಕೋಲು, ರೀಲು, ಒಂದು ಡಬ್ಬಿ ತುಂಬ ಬಣ್ಣಬಣ್ಣದ ಹುಸಿ ಮೀನುಗಳು, ಎರಡು ರಬ್ಬರ್ ಕಪ್ಪೆ. ನಮ್ಮ ಕೆರೆ ಏರಿಯ ಮೇಲೆ ಅಜ್ಜ ಬಿದಿರು ಕೋಲು ಹಿಡಿದು, ಪಕ್ಕದಲ್ಲಿ ತೆಂಗಿನ ಕರಟದೊಳಗೆ ಮಣ್ಣು ಸಮೇತ ಎರೆಹುಳ ಇಟ್ಟುಕೊಂಡು ಕೂತಿದ್ದ. ಗೆಳೆಯ ಹಿಂದಿನಿಂದ ಫೋಟೋ ತೆಗೆದ. ಸಂಜೆಯೊಳಗೆ ಅದು ಇನ್‌ಸ್ಟಾಗ್ರಾಮಿಗೆ ಹೋಗಿತ್ತು. ಕೆಳಗೆ ಒಂದೇ ಪದ: ಧ್ಯಾನ.

ರಾತ್ರಿ ಊಟಕ್ಕೆ ಅಜ್ಜ ಹಿಡಿದ ಮುಗುಡಿನ ಸಾರು. ಗೆಳೆಯ ಉಂಡ, ಚೆನ್ನಾಗಿದೆ ಅಂದ. ಆಮೇಲೆ ಜಗಲಿಯಲ್ಲಿ ಕೂತಾಗ ಮೆಲ್ಲಗೆ ಕೇಳಿದ: "ಜೀವಂತ ಹುಳ ಚುಚ್ಚೋದು, ಸಿಕ್ಕಿದ್ದನ್ನೆಲ್ಲ ತಿನ್ನೋದು ಸ್ವಲ್ಪ ಕ್ರೂರ ಅಲ್ವಾ? ನಾವು ಹಿಡಿದು ವಾಪಸ್ ಬಿಡ್ತೀವಿ." ಅಜ್ಜನಿಗೆ ಕಿವಿ ಮಂದ. ಆದರೆ ಬೇಕಾದ್ದು ಕೇಳಿಸುತ್ತದೆ. "ಬಿಡೂದಾದ್ರೆ ಹಿಡೂದು ಎಂತಕೆ ತಮಾ?" ಅಂದು ಕವಳ ಉಗಿಯಲು ಎದ್ದು ಹೋದ.

ಆ ಪ್ರಶ್ನೆಗೆ ಗೆಳೆಯನ ಬಳಿ ಉತ್ತರವಿರಲಿಲ್ಲ. ನನ್ನ ಬಳಿ ಇದೆ ಎಂದೇನೂ ಅಲ್ಲ. ಆದರೆ ಹಗಲು ಧ್ಯಾನಿಯಾದವನು ರಾತ್ರಿ ಕ್ರೂರಿಯಾದದ್ದು ಹೇಗೆ ಎಂಬುದು ನನ್ನನ್ನು ಒಂದು ವರ್ಷದಿಂದ ಕೊರೆಯುತ್ತಿದೆ. ಎರಡೂ ಒಂದೇ ಕಣ್ಣಿನ ಕೆಲಸ ಎಂಬುದು ನನ್ನ ತಕರಾರು. ಅಜ್ಜ ಕೆರೆಗೆ ಹೋದದ್ದು ಸಾರಿಗೆ ಎಂಬ ಸರಳ ಸಂಗತಿ ಆ ಕಣ್ಣಿಗೆ ಎರಡು ಸಲವೂ ಕಾಣಲಿಲ್ಲ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಗಾಳ ಎಂದರೆ ತಕ್ಷಣ ನೆನಪಾಗುವುದು ತೇಜಸ್ವಿ. ನನ್ನ ಹಾಸ್ಟೆಲಿನ ಮೂರು ರೂಮುಗಳಲ್ಲಿ ಅವರ ಪೋಸ್ಟರ್ ಇದೆ. ಸಂಶೋಧನಾ ಪ್ರಬಂಧಗಳಲ್ಲಂತೂ ಅವರ ಗಾಳ ಏಕಾಂತದ, ತಾಳ್ಮೆಯ, ನಿಸರ್ಗದೊಡನೆ ಒಂದಾಗುವುದರ ಪ್ರತೀಕವಾಗಿಬಿಟ್ಟಿದೆ. ಅವರ ಪುಸ್ತಕಗಳನ್ನೇ ಓದಿದವರಿಗೆ ಬೇರೆಯದೇ ಗೊತ್ತು: ಅಲ್ಲಿ ಕೆಸರಿದೆ, ಹುಚ್ಚಿದೆ, ಪೇಚಾಟವಿದೆ, ನಗು ಇದೆ. ನಾವು ಕೆಸರು ತೊಳೆದು ಗೋಡೆಗೆ ಅಂಟಿಸಿಕೊಂಡೆವು. ಹೀಗೆ ತೊಳೆದಿಟ್ಟ ಗಾಳವನ್ನೇ ನೋಡಿ ಅಭ್ಯಾಸವಾದವರಿಗೆ ಅಂಕೋಲೆಯ ಮುದುಕನ ಕರಟದಲ್ಲಿ ಹುಳ ಮಿಸುಕಾಡಿದರೆ ಅಸಹ್ಯವಾಗುತ್ತದೆ. ತೇಜಸ್ವಿ ಕೂತರೆ ದರ್ಶನ. ನಮ್ಮೂರಿನವ ಕೂತರೆ, ಊರಿನವರ ಬಾಯಲ್ಲೇ, ಕೆಲಸ ಕೆಟ್ಟವ. ಹೆಣ್ಣುಮಗಳು ಕೂತರೆ ಏನೆನ್ನುತ್ತಾರೆ ಎಂಬುದನ್ನು ಹನ್ನೆರಡನೇ ವಯಸ್ಸಿನವರೆಗೆ ಕೂತು, ಆಮೇಲೆ ಬಿಟ್ಟ ನಾನು ಬಲ್ಲೆ. ಅದು ಇನ್ನೊಂದು ಲೇಖನದ ಮಾತು.

ಭಾಷೆಯೂ ಗಾಳಕ್ಕೆ ನ್ಯಾಯ ಮಾಡಿಲ್ಲ. "ಗಾಳ ಹಾಕಿದ" ಎಂದರೆ ಮೋಸಕ್ಕೆ ಹೊಂಚಿದ ಎಂದೇ ಅರ್ಥ. ಆದರೆ ಅದೇ ಭಾಷೆಯ ಇನ್ನೊಂದು ಪದ ನೋಡಿ. ಎರೆ ಎಂದರೆ ಹಕ್ಕಿಗೆ, ಮೀನಿಗೆ ಹಾಕುವ ಆಹಾರ. ಆ ಹುಳಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಎರೆಯ ಹುಳ ಎಂದು. ರೈತನ ಮಿತ್ರ ಎಂದು ಪಠ್ಯಪುಸ್ತಕ ಹೊಗಳುವ ಮೊದಲೇ ಅದು ಮೀನು ಹಿಡಿಯುವವನ ಹುಳವಾಗಿತ್ತು. ಕಾರವಾರದ ಕಡೆ ಕೊಂಕಣಿ ಆಡುವವರು ಗಾಳಕ್ಕೆ ಗರಿ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಹಕ್ಕಿಯ ಗರಿಯಂತೆ ಕೇಳಿ ಚಿಕ್ಕಂದಿನಲ್ಲಿ ನನಗೆ ಖುಷಿಯಾಗುತ್ತಿತ್ತು.

ಈಗ ಗೆಳೆಯನ ರಬ್ಬರ್ ಕಪ್ಪೆಗೆ ಬರುತ್ತೇನೆ. ಅದು ಹೆಚ್ಚಾಗಿ ಕೊರವ ಮೀನಿಗಾಗಿ ಮಾಡಿದ್ದು. ಹಾವಿನ ತಲೆಯಂಥ ತಲೆಯ ಈ ಮೀನಿಗೆ ಊರಿಗೊಂದು ಹೆಸರಿದೆ. ಗಾಳಿ ಕುಡಿಯಲು ಅದು ಮೇಲೆ ಬರಲೇಬೇಕು. ನೀರಿನಲ್ಲಿರುವ ಪ್ರಾಣವಾಯು ಅದಕ್ಕೆ ಸಾಲದು. ಮರಿ ಮಾಡಿದ ಮೇಲೆ ತಾಯಿ ತಂದೆ ಮರಿಗಳನ್ನು ವಾರಗಟ್ಟಲೆ ಕಾಯುತ್ತವೆ. ಕೆಂಪು ಬಣ್ಣದ ಸಣ್ಣ ಮರಿಗಳು ಒಟ್ಟಾಗಿ ಉಸಿರಿಗೆ ಮೇಲೆ ಬಂದಾಗ ನೀರು ಕುದಿದಂತೆ ಕಾಣುತ್ತದೆ. ಆ ಕುದಿಯುವ ಜಾಗಕ್ಕೇ ಗುರಿಯಿಟ್ಟು ಕಪ್ಪೆ ಎಸೆಯುವುದು ಹುಸಿ ಎರೆಯ ಆಟಗಾರರಲ್ಲಿ ಕೆಲವರ ಪ್ರಿಯವಾದ ವಿದ್ಯೆ. ಹಸಿವಿಲ್ಲದಿದ್ದರೂ ಮರಿಗಳ ಮೇಲೆ ಯಾರೋ ಬಂದರೆಂದು ತಾಯಿ ಹಾರಿ ಕಚ್ಚುತ್ತದೆ. ಅದನ್ನು ಎಳೆದು, ತೂಗಿ, ಎದೆಯ ಹತ್ತಿರ ಹಿಡಿದು ಫೋಟೋ ತೆಗೆದು ಮರಳಿ ಬಿಡುತ್ತಾರೆ. ಅಷ್ಟರಲ್ಲಿ ಕಾವಲಿಲ್ಲದ ಮರಿಗಳಿಗೆ ಬೇರೆ ಮೀನುಗಳು ಮುಗಿಬಿದ್ದಿರುತ್ತವೆ. ಫೋಟೋದಲ್ಲಿ ಮರಿಗಳು ಇರುವುದಿಲ್ಲವಾದ್ದರಿಂದ ಅಲ್ಲಿ ಕ್ರೌರ್ಯವೂ ಇರುವುದಿಲ್ಲ.

ಅಜ್ಜನ ಕಾಲದಲ್ಲಿ ಜೀವಂತ ಕಪ್ಪೆಯನ್ನೇ ಗಾಳಕ್ಕೆ ಸಿಕ್ಕಿಸಿ ಕೊರವ ಹಿಡಿಯುತ್ತಿದ್ದರು. ಅದನ್ನು ಮುಚ್ಚಿಟ್ಟರೆ ನನ್ನ ವಾದ ಸುಳ್ಳಾದೀತು. ಹುಳಕ್ಕೆ, ಕಪ್ಪೆಗೆ, ಮೀನಿಗೆ ನೋವಾಗುವುದಿಲ್ಲ ಎಂದೂ ನಾನು ಹೇಳುವುದಿಲ್ಲ. ಮೀನು ಗಾಳವನ್ನು ಹೊಟ್ಟೆಗೆ ನುಂಗುವುದು ಎರೆಹುಳದಲ್ಲೇ ಹೆಚ್ಚು, ಅದೂ ನಿಜ. ಹಾಗೆ ನುಂಗಿದ್ದನ್ನು ಮರಳಿ ಬಿಟ್ಟರೆ ಬದುಕುವುದು ಕಷ್ಟ. ಹುಳದ ಗಾಳ ತಿನ್ನುವವನಿಗೇ ಸರಿ ಎನ್ನುವುದಕ್ಕೆ ಇದೂ ಒಂದು ಕಾರಣ. ಆದರೆ ಮರಿ ಕಾಯುವ ಕೊರವಕ್ಕೆ ಕೈ ಹಾಕಬಾರದು ಎಂಬುದು ನಮ್ಮ ಮನೆಯಲ್ಲಿ ಮಾತಾಗಿತ್ತು. ಪುಣ್ಯಪಾಪದ ಹೆದರಿಕೆಗಿಂತ ಮುಂದಿನ ವರ್ಷದ ಸಾರಿನ ಲೆಕ್ಕವೇ ಅದರಲ್ಲಿ ಹೆಚ್ಚು. ಆ ಲೆಕ್ಕ ನನಗೆ ಫೋಟೋದವರ ಕರುಣೆಗಿಂತ ನಂಬಿಕೆಗೆ ಯೋಗ್ಯ ಅನಿಸುತ್ತದೆ.

ಹೀಗೆ ಮೀನು ಹಿಡಿಯುವುದನ್ನು ಕ್ರೀಡೆ ಮತ್ತು ಹೊಟ್ಟೆಪಾಡು ಎಂದು ಎರಡಾಗಿ ಸೀಳಿ, ಮೊದಲನೆಯದಕ್ಕೆ ಗೌರವ, ಎರಡನೆಯದಕ್ಕೆ ಅನುಮಾನ ಹಂಚಿದ್ದು ನಿನ್ನೆ ಮೊನ್ನೆಯದಲ್ಲ. ಹಳೆಯ ಕೆನರಾ ಜಿಲ್ಲೆ ಒಡೆದು, 1862ರಲ್ಲಿ ನಮ್ಮ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಮದ್ರಾಸಿನಲ್ಲೇ ಉಳಿಯಿತು. ಆ ದಕ್ಷಿಣ ಕೆನರಾದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬವ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ತಂದ. ಬ್ರಿಟಿಷ್ ಹವ್ಯಾಸಿಗಳಿಗೆ ಅದು ದಶಕಗಳ ಕಾಲ ಕೈಪಿಡಿಯಾಯಿತು. ಮೊದಲು ಅಚ್ಚಾದದ್ದು ಮಂಗಳೂರಿನಲ್ಲೇ, ಬಾಸೆಲ್ ಮಿಷನ್ನಿನವರ ಮೂಲಕ. ನಮ್ಮ ಭಾಷೆಯ ಮೊದಮೊದಲ ಮುದ್ರಿತ ಪುಸ್ತಕಗಳೂ ನಿಘಂಟೂ ಬಂದ ಮನೆಯಿಂದಲೇ ಸಾಹೇಬರ ಗಾಳದ ಕೈಪಿಡಿಯೂ ಬಂತು! ಥಾಮಸನಿಗೆ ಮೀನಿನ ಬಗ್ಗೆ ನಿಜವಾದ ಕಾಳಜಿಯಿತ್ತು. ನದಿಗೆ ವಿಷ ಹಾಕುವುದನ್ನು, ಮರಿ ಬಳಿಯುವುದನ್ನು ನಿಲ್ಲಿಸಲು ಕಾನೂನು ಬೇಕೆಂದು ಅವನು ವಾದಿಸಿದ. 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಕೊಲ್ಲುವುದು ಅಪರಾಧವಾಯಿತು. ಒಳ್ಳೆಯದೇ. ಆದರೆ ಆ ಬರಹಗಳ ನೋಟದಲ್ಲಿ ಮೀನು ಉಳಿಸುವವ ಕೋಲು ಹಿಡಿದ ದೊರೆ, ಹಾಳು ಮಾಡುವವ ಹಳ್ಳಿಯವ. ಹಳ್ಳಿಯವನ ಕೈಯಲ್ಲೂ ಒಂದು ಕೋಲು ಇತ್ತು ಎಂಬುದು ಆ ಚಿತ್ರದಲ್ಲಿ ಮುಖ್ಯವಾಗಲಿಲ್ಲ. ದೊರೆ ಹೋದ, ನೋಟ ಉಳಿಯಿತು.

ಹಾಗೆಂದು ಹವ್ಯಾಸಿಗಳಿಂದ ಏನೂ ಒಳ್ಳೆಯದಾಗಿಲ್ಲ ಎಂದರೆ ಅನ್ಯಾಯ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್ ಹಿಡಿದು ಬಿಡುವ ಶಿಬಿರಗಳಿದ್ದಾಗ, ಅಲ್ಲಿ ಕಾವಲಿತ್ತು, ಸಿಡಿಮದ್ದಿನವರು ಹೆದರುತ್ತಿದ್ದರು, ಸುತ್ತಲ ಊರಿನ ಹುಡುಗರಿಗೆ ಕೆಲಸವಿತ್ತು. ಅಭಯಾರಣ್ಯದೊಳಗೆ ಗಾಳ ಕೂಡದೆಂದು ಅವು ನಿಂತವು. ಕಾವೇರಿಯ ಆ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಅಂಥ ಮೀನನ್ನು ಹಿಡಿದರೆ ಬಿಡಲೇಬೇಕು, ಅದರಲ್ಲಿ ಮಾತಿಲ್ಲ. ನನ್ನ ಜಗಳ ಇರುವುದು ಆ ನಿಯಮವನ್ನು ಕೆರೆಯ ಮುಗುಡಿಗೂ ತಂದು ಹಚ್ಚಿ, ಅಜ್ಜನಿಗೆ ನೀತಿ ಹೇಳುವುದರ ಜೊತೆ.

ಮೀನು ಕಡಿಮೆಯಾಗಿದೆಯಲ್ಲ ಎಂದು ಕೇಳಬಹುದು. ಆಗಿದೆ. ಯಾರಿಂದ ಎಂದು ನೋಡೋಣ. ನಮ್ಮ ಎರಡು ತಾಲೂಕುಗಳಲ್ಲಿ ಸಿಹಿನೀರಿನ ಅತಿ ದೊಡ್ಡ ಹರವು ಯಾವ ಹಳೆಯ ಕೆರೆಯೂ ಅಲ್ಲ. ಕಾಳಿ ನದಿಗೆ 1990ರ ದಶಕದಲ್ಲಿ ಕಟ್ಟಿದ ಕದ್ರಾ ಅಣೆಕಟ್ಟಿನ ಹಿನ್ನೀರು. 150 ಮೆಗಾವ್ಯಾಟಿನ ವಿದ್ಯುತ್ ಕೇಂದ್ರ ಅದಕ್ಕಿದೆ. ದಂಡೆಯಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರ, 220 ಮೆಗಾವ್ಯಾಟಿನ ನಾಲ್ಕು ಘಟಕಗಳು. ತಂಪು ಮಾಡಿಕೊಳ್ಳಲು ನೀರು ತೆಗೆದುಕೊಂಡು, ಬಿಸಿಯಾದದ್ದನ್ನು ಅದೇ ಹಿನ್ನೀರಿಗೆ ಬಿಡುತ್ತದೆ. ಹರಿಯುತ್ತಿದ್ದ ನದಿ ನಿಂತಿತು. ವಿದ್ಯುತ್ತಿನ ಬೇಡಿಕೆ ನೋಡಿಕೊಂಡು ನೀರು ಏರುತ್ತದೆ, ಇಳಿಯುತ್ತದೆ. ಅಂಚಿನ ಹುಲ್ಲಿನಲ್ಲಿ ಮೊಟ್ಟೆಯಿಡುವ ಮೀನಿಗೆ ಅದು ಯಾವ ಋತುವೆಂದು ಹೇಗೆ ತಿಳಿಯಬೇಕು? ಕಡಲಿನಿಂದ ಮೇಲಕ್ಕೆ ಬರುವ ಮೀನಿಗೆ ಗೋಡೆ ಅಡ್ಡ. ಮಳೆ ಜೋರಾದರೆ ಗೇಟು ತೆರೆಯುತ್ತಾರೆ, 2019ರಲ್ಲಿ ಆದಂತೆ ಕೆಳಗಿನ ಊರುಗಳು ಮುಳುಗುತ್ತವೆ. ಇಷ್ಟರ ನಡುವೆ ಕರಟದ ಎರೆಹುಳ ಪರಿಸರದ ಸಮಸ್ಯೆಯಾಗಿ ಕಾಣಬೇಕಾದರೆ ಬಹಳ ಸೂಕ್ಷ್ಮವಾದ ಕಣ್ಣೇ ಬೇಕು.

ಸರ್ಕಾರ ಮೀನು ಬಿಡುತ್ತದೆ, ನಿಜ. ಬಿಡುವುದು ಕಾಟ್ಲಾ, ರೋಹು, ಮೃಗಾಲ್. ಗಂಗೆಯ ಬಯಲಿನ ಮೀನುಗಳು, ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳವಲ್ಲ. ಆಫ್ರಿಕಾದ ತಿಲಾಪಿಯಾ 1952ರಲ್ಲಿ ದೇಶಕ್ಕೆ ಬಂತು. ಆಫ್ರಿಕನ್ ಕ್ಯಾಟ್‌ಫಿಶ್ಶನ್ನು 2000ದಲ್ಲಿ ಕೇಂದ್ರ ನಿಷೇಧಿಸಿತು, ಆದರೂ ಅದು ಹೋಗಿಲ್ಲ. ಸಿಕ್ಕ ಮೀನನ್ನೆಲ್ಲ ಮರಳಿ ನೀರಿಗೇ ಬಿಡುವ ನೀತಿ ಇವುಗಳ ವಿಷಯದಲ್ಲಿ ಅನೀತಿಯೇ ಆಗುತ್ತದೆ. ಇವನ್ನು ಹಿಡಿದು ತಿನ್ನುವುದೇ ಕೆರೆಗೆ ಮಾಡುವ ಉಪಕಾರ. ನಮ್ಮೂರಿನವರು ಅದನ್ನು ಯಾವ ಶಿಬಿರವಿಲ್ಲದೆ ಮಾಡುತ್ತಿದ್ದಾರೆ.

ಆದರೆ ಮಾಡಗೊಡುತ್ತಾರಾ? ಇಲ್ಲಿದೆ ನನಗೆ ನಿಜವಾಗಿ ಸಿಟ್ಟು ಬರುವ ಸಂಗತಿ. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆಯೂ ಸಣ್ಣವನ್ನು ಗ್ರಾಮ ಪಂಚಾಯಿತಿಗಳೂ ಮೀನಿನ ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆ ಹಿಡಿದವ ಮರಿ ಬಿಡುತ್ತಾನೆ, ಕಾಯುತ್ತಾನೆ, ಬಲೆ ಹಾಕಿ ತೆಗೆಯುತ್ತಾನೆ. ಅವನ ಬಂಡವಾಳಕ್ಕೆ ರಕ್ಷಣೆ ಬೇಕು, ಒಪ್ಪುತ್ತೇನೆ. ಆದರೆ ಗುತ್ತಿಗೆಯಾದ ಮರುದಿನದಿಂದ ಒಂದು ದಾರ, ಒಂದು ಗಾಳದವನೂ ಕಳ್ಳನಾಗುತ್ತಾನೆ. ಒಂದು ಸಲ ಗುತ್ತಿಗೆದಾರನ ಕಡೆಯ ಹುಡುಗನೊಬ್ಬ ಅಜ್ಜನ ಬಿದಿರು ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದ. ಕೋಲಿಗೆ ಬೆಲೆಯಿಲ್ಲ, ಹಿತ್ತಲಿನಲ್ಲಿ ಇನ್ನೊಂದು ಕಡಿದದ್ದಾಯಿತು. ಆದರೆ ಆ ಕೆರೆಯ ಹೂಳು ತೆಗೆದವರಲ್ಲಿ ಅಜ್ಜನೂ ಒಬ್ಬ. ಅದೇ ಏರಿಯ ಮೇಲೆ ಕಳೆದ ವರ್ಷ ನನ್ನ ಗೆಳೆಯ ಫೈಬರ್ ಕೋಲು ಬೀಸಿದಾಗ ಅದೇ ಹುಡುಗ ಬಂದು, ಎಷ್ಟು ದೂರ ಹೋಗ್ತದೆ ಸಾರ್ ಅಂತ ಕೇಳಿ, ತಾನೂ ಒಮ್ಮೆ ಎಸೆದು ನೋಡಿದ.

ಅಂಕೋಲೆ 1930ರಲ್ಲಿ ಉಪ್ಪಿಗಾಗಿ ಎದ್ದ ಊರು. ನೀರಿನಿಂದ ಸಿಗುವ ಒಂದು ಹಿಡಿ ಉಪ್ಪು ಯಾರದು ಎಂದು ಸರ್ಕಾರವನ್ನೇ ಕೇಳಿದ ಊರು. ದಿನಕರ ದೇಸಾಯರು ಗೇಣಿದಾರರನ್ನು ಸಂಘಟಿಸಿದ ನೆಲ ಇದು. ಚುಟುಕದ ದಿನಕರರನ್ನು ಪಠ್ಯದಲ್ಲಿಟ್ಟುಕೊಂಡು ಚಳವಳಿಯ ದಿನಕರರನ್ನು ಮರೆಯುವುದೂ ನಮ್ಮ ಸಾಹಿತ್ಯ ವಿಭಾಗಗಳ ಒಂದು ಚಾಳಿ. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಹೊಲ ಬಂತು. ನಮ್ಮ ಮನೆಗೂ ಬಂತು. ಹೊಲದ ಪಕ್ಕದ ಕೆರೆಯ ಮೀನಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಒಂದು ಕೈ, ಒಂದು ಕೋಲು, ಒಂದು ಗಾಳ, ಮಾರುವುದಿಲ್ಲ ಎಂಬ ಮಾತು: ಇಷ್ಟನ್ನು ಗುತ್ತಿಗೆಯ ಷರತ್ತಿನಲ್ಲಿ ಊರಿನವರಿಗೆ ಬಿಟ್ಟುಕೊಡಿ ಎಂದು ಪಂಚಾಯಿತಿಗೆ ಅರ್ಜಿ ಬರೆದಿದ್ದೇನೆ. ಪಿಎಚ್‌ಡಿಯ ಅಧ್ಯಾಯಗಳಿಗಿಂತ ಹೆಚ್ಚು ಸಲ ತಿದ್ದಿದ ಬರಹ ಅದು. ಇನ್ನೂ ಉತ್ತರವಿಲ್ಲ.

ನನ್ನ ವಾದದಲ್ಲೂ ಒಂದು ತೊಡಕಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಅಂಕೋಲೆ ಪೇಟೆಯಲ್ಲಿ ಬಂಗಡೆಯ ರೇಟು ಕೇಳಿ ವಾಪಸ್ ಬರುವುದೇ ಸೈ. ಕೈಯಲ್ಲಿ ಕಾಸಿಲ್ಲದವರಿಗೆ ಕೆರೆ, ಹಳ್ಳ, ಗದ್ದೆಯ ಮೀನೇ ಗತಿ. ಆದರೆ ಸಿಹಿನೀರಿನ ಮೀನು ಮೊಟ್ಟೆಯಿಡುವುದೂ ಆಗಲೇ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಮೀನನ್ನು ಕೂಳಿ ಒಡ್ಡಿ, ಕತ್ತಿಯಲ್ಲಿ ಕಡಿದು ಬುಟ್ಟಿಗಟ್ಟಲೆ ತರುವುದನ್ನು ನಾನು ಹಬ್ಬ ಎಂದು ಬರೆಯಲಾರೆ. ಹೊಟ್ಟೆ ತುಂಬ ಮೊಟ್ಟೆಯಿರುವ ಮೀನು ಅದು. ಅಜ್ಜನಿಗೆ ಹೇಳಿದರೆ, "ತಂಗೀ, ಆಗ ಅದೇ ಬರೂದು, ಅದನ್ನೇ ತಿಂಬೂದು" ಎನ್ನುತ್ತಾನೆ. ಅವನ ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಒಂದೆರಡು ವಾರ ಕೂಳಿ ಬಿಟ್ಟು ಬರೀ ಗಾಳ ಸಾಕು ಎಂಬುದು ನನ್ನ ಪಟ್ಟು. ಮನೆಯಲ್ಲಿ ಜಗಳ ನಡೆಯುತ್ತಿದೆ. ಅದು ತಿನ್ನುವವರ ನಡುವಿನ ಜಗಳ, ಮುಂದಿನ ವರ್ಷವೂ ತಿನ್ನಬೇಕಾದವರದು.

ಗೆಳೆಯನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಬೇಜಾರು ಮಾಡಿಕೊಂಡ, ಆಮೇಲೆ ಫೋಟೋದ ಕೆಳಗಿನ ಪದ ತೆಗೆದ. ಬದಲಿಗೆ ಏನು ಬರೆಯಲಿ ಎಂದು ಕೇಳಿದ. ಅಜ್ಜನ ಹೆಸರು, ಹಿಡಿದ ಮೀನು, ಎಷ್ಟು ಜನ ಉಂಡೆವು ಎಂಬುದನ್ನು ಬರಿ ಎಂದೆ. ಆಗಸ್ಟಿನಲ್ಲಿ ಮತ್ತೆ ಬರುತ್ತಾನಂತೆ. ಫೈಬರ್ ಕೋಲು ತರಲಿ. ರಬ್ಬರ್ ಕಪ್ಪೆ ಬೆಂಗಳೂರಿನಲ್ಲೇ ಇರಲಿ. ಹುಳ ಅಗೆಯಲು ಹಿತ್ತಲಿನ ಬಚ್ಚಲ ನೀರು ಹೋಗುವ ಜಾಗ ಒಳ್ಳೆಯದು, ಗುದ್ದಲಿ ನಮ್ಮಲ್ಲಿದೆ.