ಗಾಳಿ ಯಾರ ಆಸ್ತಿ?



ನಿಮ್ಮ ಊರಿನ ನ್ಯಾಯಬೆಲೆ ಅಂಗಡಿಯವನು ಬಡವರ ಪಾಲಿನ ಅಕ್ಕಿಯನ್ನು ಕದ್ದು ಮಾರಿದನೆಂದು ನ್ಯಾಯಾಲಯದಲ್ಲಿ ಸಾಬೀತಾಯಿತೆನ್ನಿ. ಮರುದಿನವೂ ಅದೇ ತಕ್ಕಡಿಯ ಮುಂದೆ ಅವನೇ ಕುಳಿತಿದ್ದರೆ ನೀವು ಒಪ್ಪುವಿರಾ? ಕುಂದಗೋಳವಾಗಲಿ ಕಲಘಟಗಿಯಾಗಲಿ, ಯಾವ ಊರಿನವರೂ ಒಪ್ಪಲಾರರು. ಅಂಗಡಿ ಅವನದಿರಬಹುದು, ಅಕ್ಕಿ ಅವನದಲ್ಲ ಎಂಬ ವಿವೇಕ ನಮ್ಮಲ್ಲಿದೆ. ಅದೇ ವಿವೇಕ ಟಿ.ವಿ. ವಾಹಿನಿಗಳ ವಿಷಯ ಬಂದಾಗ ಏಕೆ ಮಂಕಾಗುತ್ತದೆ?

ಪ್ರಸಾರಕ್ಕೆ ಬಳಸುವ ತರಂಗಗಳು ಸಾರ್ವಜನಿಕ ಆಸ್ತಿ ಎಂದು ನಮ್ಮ ಸುಪ್ರೀಂ ಕೋರ್ಟ್ 1995ರ ಫೆಬ್ರುವರಿ 9ರಂದು ತೀರ್ಪು ನೀಡಿತು. ಅವು ಸರ್ಕಾರದ ಸ್ವತ್ತೂ ಅಲ್ಲ, ಹಣವಂತರ ಸ್ವತ್ತೂ ಅಲ್ಲ. ಪರವಾನಗಿ ಪಡೆದವನು ಒಡೆಯನಲ್ಲ, ಪಾರುಪತ್ಯಗಾರ. ಸಂತ ಲೂಕನ ಶುಭಸಂದೇಶದ ಹದಿನಾರನೆಯ ಅಧ್ಯಾಯದಲ್ಲಿ ಧಣಿಯು ತನ್ನ ಪಾರುಪತ್ಯಗಾರನಿಂದ ಲೆಕ್ಕ ಕೇಳುತ್ತಾನೆ. ಆ ಲೆಕ್ಕವನ್ನು ಇಲ್ಲಿ ಕೇಳಬೇಕಾದವರು ನಾವು.

ಇದು ನಮಗೆ ಸಂಬಂಧವಿಲ್ಲದ ಪಟ್ಟಣದ ಮಾತೆಂದು ಪುಟ ತಿರುವಬೇಡಿ. 2016ರ ಜುಲೈನಲ್ಲಿ ಮಹದಾಯಿ ನ್ಯಾಯಮಂಡಳಿಯು ಕರ್ನಾಟಕದ ಮಧ್ಯಂತರ ಮನವಿಯನ್ನು ತಿರಸ್ಕರಿಸಿದಾಗ ನವಲಗುಂದದ ಸೀಮೆ ಹೊತ್ತಿಕೊಂಡಿತು. ಯಮನೂರಿನಲ್ಲಿ ಪೊಲೀಸರು ಹೆಂಗಸರು ಮುದುಕರೆನ್ನದೆ ಲಾಠಿ ಬೀಸಿದ್ದನ್ನು ನಾಡು ಕಂಡದ್ದು ಟಿ.ವಿ. ಪರದೆಯ ಮೇಲೆ. ಆ ದಿನ ಕ್ಯಾಮೆರಾ ಇರದಿದ್ದರೆ ಯಮನೂರಿನ ಕೂಗು ಊರ ಅಗಸಿಯನ್ನೂ ದಾಟುತ್ತಿರಲಿಲ್ಲ. ಆದ್ದರಿಂದ ಕ್ಯಾಮೆರಾದ ಹಿಂದೆ ನಿಂತ ಒಡೆಯ ಯಾರು, ಅವನ ನಡತೆ ಎಂಥದು ಎಂದು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ರೈತನಿಗಿದೆ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಬಳ್ಳಾರಿಯ ಗಾಲಿ ಜನಾರ್ದನ ರೆಡ್ಡಿಯವರ ಬಳಗದೊಂದಿಗೆ ಗುರುತಿಸಲ್ಪಟ್ಟಿದ್ದ ‘ಜನಶ್ರೀ’ ವಾಹಿನಿ 2011ರಲ್ಲಿ ಆರಂಭವಾಯಿತು. ಅದೇ ವರ್ಷದ ಸೆಪ್ಟೆಂಬರ್ 5ರಂದು ಓಬಳಾಪುರಂ ಗಣಿ ಪ್ರಕರಣದಲ್ಲಿ ಸಿ.ಬಿ.ಐ. ಅವರನ್ನು ಬಂಧಿಸಿತು. 2025ರ ಮೇ 6ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಎರಡು ದಿನಗಳೊಳಗೆ ಗಂಗಾವತಿಯ ಶಾಸಕ ಸ್ಥಾನ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ನನ್ನ ಮಾತು ಆ ವ್ಯಕ್ತಿಯ ಕುರಿತಲ್ಲ, ಅಳತೆಯ ಕುರಿತು. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಶಾಸಕನ ಕುರ್ಚಿ ಹೋಗುತ್ತದೆಂಬ ನಿಯಮ ಹಳ್ಳಿಯ ಹುಡುಗನಿಗೂ ಗೊತ್ತು. ಅಷ್ಟೇ ನೇರವಾದ, ಅಷ್ಟೇ ಬಲ್ಲ ನಿಯಮ ವಾಹಿನಿಯ ಒಡೆಯನಿಗೇಕಿಲ್ಲ? ಶಾಸಕ ಸದನದಲ್ಲಿ ಮಾತನಾಡುತ್ತಾನೆ. ಒಡೆಯ ನಮ್ಮ ಪಡಸಾಲೆಗೇ ಬಂದು ಮಾತನಾಡುತ್ತಾನೆ.

ಅಮೆರಿಕದಲ್ಲಿ ಇಂಥ ನಿಯಮ ನಡೆದದ್ದುಂಟು. ಮಿಸೌರಿ ರಾಜ್ಯದಲ್ಲಿ ರೇಡಿಯೊ ಕೇಂದ್ರಗಳ ಒಡೆಯನಾಗಿದ್ದ ಮೈಕೆಲ್ ರೈಸ್ ಎಂಬಾತ ಅಪ್ರಾಪ್ತ ವಯಸ್ಕರ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ 1994ರಲ್ಲಿ ಅಪರಾಧಿಯೆಂದು ಘೋಷಿತನಾದ. ಕೇಂದ್ರಗಳ ಆಡಳಿತದಿಂದ ತಾನು ದೂರವಿರುವೆನೆಂದು ಪ್ರಸಾರ ಆಯೋಗವನ್ನು ನಂಬಿಸಲು ಯತ್ನಿಸಿದ. ಅದೂ ಸುಳ್ಳೆಂದು ಆಯೋಗ ಕಂಡುಕೊಂಡಿತು. ಪರವಾನಗಿಗಳು ರದ್ದಾದವು. 2000ದಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಆದರೆ ಈ ಕತ್ತಿಗೆ ಎರಡು ಅಲಗು. ತೀರ್ಪಿಗೂ ಮುನ್ನವೇ, ಅಧಿಕಾರದಲ್ಲಿರುವವರ ಇಚ್ಛೆಯಂತೆ ಅದು ಬೀಸಿದರೆ ಏನಾಗುತ್ತದೆಂಬುದನ್ನೂ ಕನ್ನಡ ನಾಡು ಕಂಡಿದೆ. ಹಾಸನದ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರ ವಿರುದ್ಧದ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಪ್ರಸಾರ ಮಾಡಿದ್ದ ‘ಪವರ್ ಟಿ.ವಿ.’ಯ ಬಾಯಿಗೆ 2024ರ ಜೂನ್‌ನಲ್ಲಿ ಬೀಗ ಬಿತ್ತು. ಪರವಾನಗಿಯ ಅವಧಿ 2021ರಲ್ಲೇ ಮುಗಿದಿತ್ತೆಂಬುದು ಕಾರಣ. ಜುಲೈ 12ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆಯಿತ್ತು, ಇದರಲ್ಲಿ ರಾಜಕೀಯ ದ್ವೇಷ ಕಾಣುತ್ತಿದೆಯೆಂದಿತು. 2025ರ ಆಗಸ್ಟ್ 2ರಂದು ಒಂದು ಪ್ರಕರಣದಲ್ಲಿ ಪ್ರಜ್ವಲ್ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಯೋಚಿಸಿ: ಅಂದು ಮಾತನಾಡಿದವರ ಬಾಯಿ ಮುಚ್ಚಿಸುವ ಆತುರ ಇತ್ತು, ಮನೆಗೆಲಸದ ಹೆಣ್ಣುಮಗಳ ಅಳಲನ್ನು ಕೇಳುವ ಆತುರ ಎಷ್ಟು ಜನರಿಗಿತ್ತು?

ಇನ್ನೊಂದು ಪ್ರಸಂಗ ನಮ್ಮನ್ನು ಇನ್ನಷ್ಟು ಎಚ್ಚರಿಸುತ್ತದೆ. ಅಮೆರಿಕದ ನಾಕ್ಸ್‌ವಿಲ್ ನಗರದಲ್ಲಿ ಕಪ್ಪು ಜನರ ಧ್ವನಿಯಾಗಿದ್ದ ಒಂದು ಪುಟ್ಟ ರೇಡಿಯೊ ಕೇಂದ್ರದ ಒಡೆಯ ಜೋ ಆರ್ಮ್‌ಸ್ಟ್ರಾಂಗ್, ತೆರಿಗೆ ಲೆಕ್ಕದಲ್ಲಿ ಸುಳ್ಳು ಹೇಳಿದ ಅಪರಾಧಕ್ಕೆ 2016ರಲ್ಲಿ ಗುರಿಯಾದರು. ಆಯೋಗ ಪರವಾನಗಿಯನ್ನು ಪ್ರಶ್ನಿಸಿತು. ಕೂಲಂಕಷ ವಿಚಾರಣೆಯ ಬಳಿಕ 2023ರಲ್ಲಿ ನ್ಯಾಯಾಧೀಶೆಯೊಬ್ಬರು ಅವರು ಅದನ್ನು ಉಳಿಸಿಕೊಳ್ಳಬಹುದೆಂದರು. ಕೇಂದ್ರ ಮೌನವಾದರೆ ಶಿಕ್ಷೆ ಒಡೆಯನಿಗಷ್ಟೇ ಅಲ್ಲ, ಕೇಳುಗರಿಗೂ ಆಗುತ್ತದೆ. ಎಲ್ಲ ಪಾಪವೂ ಒಂದೇ ತೂಕದ್ದಲ್ಲ ಎಂದು ಪಾಪನಿವೇದನೆಯ ಪೀಠದಲ್ಲಿ ಕುಳಿತ ನಾವು ಬಲ್ಲೆವು.

ಆದ್ದರಿಂದ ನಾನು ಹೇಳುವುದು ಇಷ್ಟು. ಗಂಭೀರ ಅಪರಾಧದಲ್ಲಿ ತೀರ್ಪು ಬಂದ ಮೇಲೆ ಒಡೆಯ ವಾಹಿನಿಯ ಆಡಳಿತದಿಂದ ಹೊರಗಿರಬೇಕು. ಮೇಲ್ಮನವಿ ಮುಗಿಯುವವರೆಗೆ ಸ್ವತಂತ್ರರೊಬ್ಬರು ಅದನ್ನು ನಡೆಸಲಿ. ಮೇಲ್ಮನವಿಯಲ್ಲೂ ಅಪರಾಧ ನಿಂತರೆ ಪರವಾನಗಿ ಹೋಗಲಿ. ಅದನ್ನು ನಿರ್ಧರಿಸುವುದು ಮಂತ್ರಿಯ ಲೇಖನಿಯಲ್ಲ, ಎಲ್ಲರ ಮಾತು ಕೇಳುವ ಸ್ವತಂತ್ರ ಪೀಠ. ಅಲ್ಲಿ ದುಡಿಯುವವರ ಅನ್ನವೂ ನೋಡುಗರ ಹಕ್ಕೂ ಉಳಿಯುವಂತೆ ವಾಹಿನಿ ಯೋಗ್ಯರ ಕೈಗೆ ಹೋಗಲಿ. ಬರಿಯ ಆರೋಪದ ಮೇಲೆ ಮಾತ್ರ ಯಾರ ಬಾಯಿಯೂ ಮುಚ್ಚದಿರಲಿ.

“ಸ್ವಾಮಿ, ಕ್ರೈಸ್ತರು ಕ್ಷಮಿಸಬೇಕಲ್ಲವೇ?” ಎಂದು ನೀವು ಕೇಳುವಿರಿ. ಹೌದು, ಎಪ್ಪತ್ತೇಳು ಸಲ. ಆದರೆ ಕ್ಷಮೆ ಬೇರೆ, ಬೀಗದಕೈ ಬೇರೆ. ಜಕ್ಕಾಯನು ಪ್ರಭುವಿನ ಮುಂದೆ ನಿಂತು, ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ; ಸುಂಕದ ಕಟ್ಟೆಯನ್ನು ನನಗೇ ಉಳಿಸಿಕೊಡಿ ಎಂದು ಬೇಡಲಿಲ್ಲ. ಪಶ್ಚಾತ್ತಾಪಪಟ್ಟವನಿಗೆ ಪರಮಪ್ರಸಾದದ ಪಂಕ್ತಿಯಲ್ಲಿ ಸ್ಥಳವಿದೆ. ಆ ಕಾರಣಕ್ಕೆ ಸಾರ್ವಜನಿಕ ಆಸ್ತಿಯ ಮೇಲೆ ಅವನಿಗೆ ಹಕ್ಕು ಮರಳಿ ಹುಟ್ಟುವುದಿಲ್ಲ.

ಈ ಮಾತನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ. ಏಕೆಂದರೆ ನಮಗೂ ಒಂದು ಧ್ವನಿವರ್ಧಕವಿದೆ, ಪ್ರಬೋಧನೆಯ ಪೀಠವಿದೆ. ಅದೂ ನಮ್ಮ ಸ್ವಂತದ್ದಲ್ಲ, ದೇವಪ್ರಜೆಯ ನಂಬಿಕೆ. ಮಕ್ಕಳಿಗೆ ಕೇಡು ಬಗೆದವರಿಗೆ ಯಾಜಕತ್ವದಲ್ಲಿ ಸ್ಥಳವಿಲ್ಲವೆಂದು ಸಂತ ದ್ವಿತೀಯ ಜಾನ್ ಪೌಲರು 2002ರ ಏಪ್ರಿಲ್‌ನಲ್ಲಿ ಹೇಳಿದರು. ಅಷ್ಟು ಹೊತ್ತಿಗೆ ಜಗತ್ತಿನ ಹಲವೆಡೆ ನಾವು ತಡಮಾಡಿದ್ದೆವು, ಮುಚ್ಚಿಟ್ಟಿದ್ದೆವು. ಬೇರೆಯವರಿಗೆ ಅಳತೆಗೋಲು ಹಿಡಿಯುವ ಮುನ್ನ ನಾವು ಅದರ ಮುಂದೆ ನಿಲ್ಲಬೇಕು.

ಇಂದು ರಾತ್ರಿ ಜಪಮಾಲೆ ಮುಗಿಸಿ ನೀವು ಟಿ.ವಿ. ಹಚ್ಚುವಿರಿ. ಮಾತನಾಡುವವನ ಮುಖವನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಅವನ ಹಿಂದಿರುವ ಒಡೆಯ ಯಾರೆಂದು ಮಕ್ಕಳೊಂದಿಗೆ ಕುಳಿತು ತಿಳಿದುಕೊಳ್ಳಿ. ಮತ ಕೇಳಲು ಬಂದವರನ್ನು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ. ಲೆಕ್ಕ ಕೇಳದ ಧಣಿಯ ಮನೆಯಲ್ಲಿ ಪಾರುಪತ್ಯಗಾರನೇ ಧಣಿಯಾಗುತ್ತಾನೆ.