ಚೀಟಿಯಿಲ್ಲದ ಹುಳು

ನಮ್ಮ ವಿಶ್ವವಿದ್ಯಾಲಯವೊಂದರ ಕೀಟಸಂಗ್ರಹವನ್ನು ನೋಡುವ ಅವಕಾಶ ಈಚೆಗೆ ನನಗೊದಗಿತು. ಕನ್ನಡ ಮೇಷ್ಟರಿಗೆ ಹುಳಹುಪ್ಪಟೆಗಳ ಗೊಡವೆಯೇಕೆಂದು ವಾಚಕರು ನಗಬಹುದು. ತಾಳೆಗರಿಗಳನ್ನು ತಿಂದುಹಾಕಿದ ಹುಳುಗಳ ಮೇಲೆ ನಮ್ಮವರಿಗೆ ಹಳೆಯ ಮುನಿಸಿರುವುದೂ ನಿಜವೇ. ಆದರೆ ಅಲ್ಲಿಯ ಮರದ ಪೆಟ್ಟಿಗೆಯೊಂದನ್ನು ತೆರೆದಾಗ ನನಗೆ ನೆನಪಾದುವು ಶಾಸನಗಳು.

ಸೂಜಿಗೆ ಚುಚ್ಚಿದ ಜೀರುಂಡೆಯ ಕೆಳಗೆ ಉಗುರಗಲದ ಚೀಟಿ. ಅದರಲ್ಲಿ ಹಿಡಿದ ಊರು, ದಿನ, ಹಿಡಿದವರ ಹೆಸರು. ಯಾವ ಗಿಡದ ಮೇಲಿತ್ತೆಂಬುದೂ ಕೆಲವದರಲ್ಲಿ ಉಂಟು. ಆ ಚೀಟಿ ಕಳಚಿಬಿದ್ದರೆ ಹುಳುವಿನ ಅಂದವೇನೂ ಕೆಡದು; ಸಂಶೋಧಕನಿಗೆ ಮಾತ್ರ ಅದರ ಬೆಲೆ ಬಹುಮಟ್ಟಿಗೆ ಹೋದಂತೆಯೇ. ಎಲ್ಲಿಂದ ತಂದದ್ದೆಂದು ತಿಳಿಯದ ಶಾಸನದ ಚೂರಿನೊಡನೆ ಹೆಣಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸತ್ತ ಹುಳುಗಳಿಂದೇನು ಪ್ರಯೋಜನವೆಂದು ಕೇಳುವವರಿದ್ದಾರೆ. ನಮ್ಮ ಜೋಳದ ಹೊಲಗಳನ್ನು ಮೇಯುವ ರೆಕ್ಕೆಯಿಲ್ಲದ ಮಿಡತೆಗೆ 1910ರಲ್ಲಿ ಸ್ಪೇನಿನ ಬೊಲಿವರ್ ಎಂಬ ವಿದ್ವಾಂಸರು ಶಾಸ್ತ್ರೀಯ ನಾಮಕರಣ ಮಾಡಿದರು. ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞ ಲೆಸ್ಲಿ ಕೋಲ್ಮನ್ನರ ಹೆಸರಿನಿಂದ ಅದರ ಕುಲ ‘ಕೋಲ್ಮೇನಿಯ’ ಆಯಿತು. ಹೊಲದ ಮಿಡತೆ ಹೀಗೆ ದೂರದ ಪಂಡಿತರ ಮೇಜಿಗೆ ಹೋಗಬೇಕಾದರೆ ಯಾರೋ ಅದನ್ನು ಹಿಡಿದು ಒಣಗಿಸಿ ಕಾಪಾಡಿರಬೇಕಷ್ಟೆ. 2018ರಲ್ಲಿ ಶಿವಮೊಗ್ಗದ ಕೃಷಿವಿಜ್ಞಾನಿಗಳು ಮುಸುಕಿನ ಜೋಳದಲ್ಲಿ ಕಂಡ ಹುಳುವೊಂದನ್ನು ಅಮೆರಿಕ ಮೂಲದ ಫಾಲ್ ಸೈನಿಕ ಹುಳುವೆಂದು ಗುರುತಿಸಿದರು. ಭಾರತದಲ್ಲಿ ಅದರ ಮೊದಲ ಸುಳಿವು ಅದೇ. ಹೊಸಬನನ್ನು ಹೊಸಬನೆನ್ನಬೇಕಾದರೆ ಊರವರೆಲ್ಲರ ಮುಖಪರಿಚಯ ಬೇಡವೇ?

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರೆಜಿಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ಸುಮಾರು 50 ಲಕ್ಷ ಕೀಟಗಳ ಸಂಗ್ರಹ ಬೂದಿಯಾಯಿತು. ನಮ್ಮಲ್ಲಿ ಅಷ್ಟು ದೊಡ್ಡ ಅನಾಹುತವೇ ಬೇಕಾಗಿಲ್ಲ. ಮಳೆಗಾಲದ ತೇವದಿಂದ ಬೂಷ್ಟು ಹಿಡಿದರೆ ಸಾಕು. ಒಣಗಿದ ಕೀಟಗಳನ್ನೇ ತಿಂದು ಬದುಕುವ ಪುಟ್ಟ ಜೀರುಂಡೆಯ ಮರಿಯೊಂದು ಪೆಟ್ಟಿಗೆಯೊಳಗೆ ನುಸುಳಿದರೆ ಸಾಕು. ನುಸಿಗುಳಿಗೆ ಕರಗಿತೇ ಎಂದು ನೋಡಿ ಬದಲಿಸಲು ಒಬ್ಬರಿರಬೇಕು. ನಾನು ಕಂಡ ಸಂಗ್ರಹವನ್ನು ಸಾಕಿದವರು ನಿವೃತ್ತರಾಗಿದ್ದಾರೆ. ಆ ಸ್ಥಾನ ಇನ್ನೂ ತುಂಬಿಲ್ಲ. ವಾರಕ್ಕೆರಡು ದಿನ ಅವರೇ ಬಸ್ಸು ಹಿಡಿದು ಬರುತ್ತಾರೆ. ಹೊಸ ಕಟ್ಟಡಕ್ಕೆ ಹಣ ಒದಗಿಸುವವರು ಈ ಒಂದು ಸಂಬಳಕ್ಕೇಕೆ ಹಿಂದೆಗೆಯುತ್ತಾರೋ ನನಗೆ ಅರ್ಥವಾಗಿಲ್ಲ.

ಇರುವುದನ್ನು ಕಾದರಷ್ಟೇ ಸಾಲದು, ಸಂಗ್ರಹ ಬೆಳೆಯಲೂ ಬೇಕು. ಒಂದೇ ಕೆರೆಯಂಗಳದಲ್ಲಿ ವರ್ಷ ವರ್ಷವೂ ಬಲೆ ಬೀಸಿದರೆ ತಾನೆ ಯಾವುದು ಕಡಿಮೆಯಾಯಿತು, ಯಾವುದು ಹೊಸದಾಗಿ ಬಂತು ಎಂದು ಹೇಳಲಾಗುವುದು. ಬಿಟ್ಟುಹೋದ ವರ್ಷದ ಹುಳುವನ್ನು ಆಮೇಲೆ ಯಾವ ಅನುದಾನದಿಂದಲೂ ಹಿಡಿದು ತರಲಾಗದು. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ತಾವು ಪರೀಕ್ಷಿಸಿದ ಕೀಟಗಳನ್ನು ಚೀಟಿ ಸಹಿತ ಸಂಗ್ರಹಕ್ಕೆ ಒಪ್ಪಿಸಿದ ಮೇಲೆಯೇ ಪದವಿ ಕೊಡುವಂತಾಗಬೇಕು.

ನಾನು ಹೋದ ದಿನ ಆ ಹಿರಿಯರ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಪದವಿ ಪಡೆದು ಹೋದ ವಿದ್ಯಾರ್ಥಿಯೊಬ್ಬ ಬಿಟ್ಟುಹೋದ ಹುಳುಗಳು, ಒಂದಕ್ಕೂ ಚೀಟಿಯಿರಲಿಲ್ಲ. “ಅವನ ವಿಳಾಸ ಸಿಕ್ಕಿದೆ, ಕಾಗದ ಹಾಕಿದ್ದೇನೆ. ಅವನಿಗೆ ಮರೆತುಹೋಗುವುದರೊಳಗೆ ತಲಪಿದರೆ ಸರಿ” ಎಂದರು.