ಮುಳ್ಳು ಹೇಳುವ ಮಾತು

ಬಸವನ ಬಾಗೇವಾಡಿ ಸೀಮೆಯ ಮುಳವಾಡದಂಥ ಊರುಗಳಲ್ಲಿ ಟ್ರ್ಯಾಕ್ಟರ್ ಮನೆಯ ದುಡಿಯುವ ಮಗನಿದ್ದಂತೆ. ಹೊಲ ಊಳುತ್ತದೆ, ಕಬ್ಬು ಹೊರುತ್ತದೆ, ಬಿಡುವಿದ್ದಾಗ ಬಾಡಿಗೆಗೂ ಹೋಗುತ್ತದೆ. ಬ್ಯಾಂಕಿನ ಕಂತು, ಮಕ್ಕಳ ಶಾಲೆಯ ಶುಲ್ಕ ಎರಡೂ ಅದರ ದುಡಿಮೆಯಿಂದಲೇ ಹೊರಡುವ ಮನೆಗಳು ಎಷ್ಟೋ. ಇಂಥ ಟ್ರ್ಯಾಕ್ಟರಿನ ಇಂಜಿನ್ ಹಂಗಾಮಿನ ನಡುವೆ ಜಾಮ್ ಆಗಿ ಕೂತರೆ ರಿಪೇರಿಯ ಖರ್ಚು ಒಂದು ಕಡೆ, ನಿಂತ ದಿನಗಳ ಗಳಿಕೆ ಇನ್ನೊಂದು ಕಡೆ.

ಇಂಜಿನ್ ಸಾಮಾನ್ಯವಾಗಿ ಹೇಳದೆ ಕೇಳದೆ ಕೆಡುವುದಿಲ್ಲ. ಕೆಡುವ ಮೊದಲು ಬಿಸಿಯೇರುತ್ತದೆ, ಇಲ್ಲವೆ ಅದರ ಆಯಿಲ್ ಒತ್ತಡ ಇಳಿಯುತ್ತದೆ. ಅದನ್ನು ಹೇಳಬೇಕಾದ ಮೀಟರುಗಳು ಹಳೆಯ ಟ್ರ್ಯಾಕ್ಟರ್, ಜೀಪುಗಳಲ್ಲಿ ಎಂದೋ ನಿಂತುಹೋಗಿರುತ್ತವೆ. ಆಗ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಗೇಜುಗಳನ್ನು ತಂದು ಕೂಡಿಸುವುದು ರೂಢಿ. ಐ.ಟಿ.ಐ. ಅಥವಾ ಡಿಪ್ಲೊಮಾ ಓದುವ ಹುಡುಗರಿಗೆ ಈ ಕೆಲಸದಲ್ಲಿ ಆಸಕ್ತಿ ಹೆಚ್ಚು. ತಂದೆಗೆ ಮಾತ್ರ, ಮಗ ಎಲ್ಲಿ ವೈರು ಕತ್ತರಿಸಿ ಗಾಡಿಯನ್ನೇ ಕೆಡಿಸುತ್ತಾನೋ ಎಂಬ ಅಳುಕು. ಒಳಗಿನ ತತ್ವ ತಿಳಿದಿದ್ದರೆ ಇಬ್ಬರಿಗೂ ಧೈರ್ಯ ಬರುತ್ತದೆ.

ದೀಪ ಸಾಲದೆ?

ಕೆಂಪು ದೀಪ ಇರುವಾಗ ಗೇಜು ಏಕೆ ಎಂದು ಕೇಳಬಹುದು. ಬಿಸಿಯಾದ ಇಂಜಿನ್ ಓಡುವಾಗ ಆಯಿಲ್ ಒತ್ತಡ ಚದರ ಸೆಂಟಿಮೀಟರಿಗೆ 3-4 ಕೆ.ಜಿ. ಇರುವುದು ಸಾಮಾನ್ಯ, ಸರಿಯಾದ ಅಂಕಿ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ದೀಪ ಹೊತ್ತುವುದು ಆ ಒತ್ತಡ ಸುಮಾರು ಅರ್ಧ ಕೆ.ಜಿ.ಗೆ ಇಳಿದ ಮೇಲೆ. ಅಷ್ಟರಲ್ಲಿ ಬೇರಿಂಗಿಗೆ ಪೆಟ್ಟು ಬಿದ್ದಿರಬಹುದು. ನಾಲ್ಕರಲ್ಲಿದ್ದ ಮುಳ್ಳು ಎರಡಕ್ಕೆ ಇಳಿದದ್ದನ್ನು ಗೇಜು ಮೊದಲೇ ತೋರಿಸುತ್ತದೆ.

ಈ ಗೇಜಿನ ಮೂಲ ತತ್ವವನ್ನು ಫ್ರಾನ್ಸಿನ ಯೂಜೀನ್ ಬೂರ್ದಾಂ 1849ರಲ್ಲಿ ಪೇಟೆಂಟ್ ಮಾಡಿಸಿದ. ಚಪ್ಪಟೆ ಕೊಳವೆಯೊಂದನ್ನು ಬಾಗಿಸಿ ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಒತ್ತಡ ಕೊಟ್ಟರೆ ಅದು ನೆಟ್ಟಗಾಗಲು ನೋಡುತ್ತದೆ. ಆ ಸಣ್ಣ ಅಲುಗಾಟವನ್ನು ಹಲ್ಲಿನ ಚಕ್ರಗಳು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ. ನೀರೆತ್ತುವ ಪಂಪುಗಳ ಕೊಳವೆಯ ಮೇಲೆ ಕಾಣುವ ಗುಂಡನೆಯ ಗೇಜಿನ ಒಳಗೂ ಸಾಮಾನ್ಯವಾಗಿ ಇದೇ ಕೊಳವೆ. ಅಲ್ಲಿ 1 ಕೆ.ಜಿ. ಒತ್ತಡ ಎಂದರೆ ಸುಮಾರು 10 ಮೀಟರ್ ಎತ್ತರದ ನೀರಿನ ಭಾರ.

ನೀರು ಎಷ್ಟಕ್ಕೆ ಕುದಿಯುತ್ತದೆ?

ಕೃಷ್ಣಾ ಮೇಲ್ದಂಡೆ ಯೋಜನೆಯ ಒಂದು ಏತ ನೀರಾವರಿಗೆ ಮುಳವಾಡದ ಹೆಸರೇ ಇದೆ. ಆಲಮಟ್ಟಿ ಜಲಾಶಯದ ಪೂರ್ಣಮಟ್ಟ 519.6 ಮೀಟರ್, ಅಲ್ಲಿಂದ ನೀರನ್ನು ಮೇಲೆತ್ತಿ ಈ ಸೀಮೆಗೆ ಹಾಯಿಸುತ್ತಾರೆ. ಅಂದರೆ ಈ ನೆಲ ಅದಕ್ಕಿಂತ ಎತ್ತರ. ಪ್ರತಿ 300 ಮೀಟರ್ ಮೇಲೇರಿದಂತೆ ನೀರಿನ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಹೀಗಾಗಿ ಇಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ.

ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಕಟ್ಟಿ ಈ ಕೊರತೆ ತುಂಬುತ್ತದೆ. 0.9 ಕೆ.ಜಿ.ಯ ಮುಚ್ಚಳ ಸರಿಯಿದ್ದರೆ ಒಳಗಿನ ನೀರು 115 ಡಿಗ್ರಿ ದಾಟುವವರೆಗೆ ಕುದಿಯದು. ರಬ್ಬರು ಸವೆದ ಮುಚ್ಚಳವಾದರೆ 98ಕ್ಕೇ ಕುದಿದು ಚೆಲ್ಲುತ್ತದೆ. ಬಿಸಿ ಇಂಜಿನ್ನಿನ ಮುಚ್ಚಳ ತಿರುಗಿಸಿದವರ ಕೈ ಮುಖ ಸುಡುವುದೂ ಇದೇ ಕಾರಣಕ್ಕೆ: ಒತ್ತಡ ಬಿಟ್ಟ ಕೂಡಲೇ ನೀರೆಲ್ಲ ಒಮ್ಮೆಲೇ ಉಕ್ಕುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಹೇರು ಎಳೆಯುವ ಗಾಡಿಗೆ ಟೆಂಪರೇಚರ್ ಗೇಜು ಬೇಕೇ ಬೇಕು.

ಕೂಡಿಸುವಾಗ

ಮೊದಲು ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಬೇಕು. ಪಾಸಿಟಿವ್ ಮೊದಲು ಬಿಚ್ಚುವಾಗ ಪಾನಾ ಚಾಸಿಗೆ ತಗುಲಿದರೆ ಕಿಡಿ ಹಾರುತ್ತದೆ. ಗೇಜಿಗೆ ಕರೆಂಟನ್ನು ಇಗ್ನಿಷನ್ ಸ್ವಿಚ್ಚಿನ ಮೂಲಕ, ಫ್ಯೂಸ್ ಹಾಕಿಯೇ ಕೊಡಬೇಕು. ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ನಿಂತ ಗಾಡಿಯಲ್ಲೂ ಕರೆಂಟು ಸೋರುತ್ತಲೇ ಇರುತ್ತದೆ. ತಗಡಿನ ತೂತಿನಲ್ಲಿ ವೈರು ಹಾಯಿಸುವಲ್ಲಿ ರಬ್ಬರ್ ಬುಷ್ ಇರಲಿ. ಇಲ್ಲವಾದರೆ ಅಲುಗಿ ಅಲುಗಿ ವೈರು ಕತ್ತರಿಸಿ ಶಾರ್ಟ್ ಆಗುತ್ತದೆ.

ಒಂದೇ ವೈರಿನ ಸೆನ್ಸರಿಗೆ ಇಂಜಿನ್ನಿನ ಲೋಹವೇ ಅರ್ಥಿಂಗ್. ಸೋರಬಾರದೆಂದು ಅದರ ತಿರುಪಿಗೆ ದಪ್ಪಗೆ ಟೆಫ್ಲಾನ್ ಟೇಪು ಸುತ್ತಿದರೆ ಅರ್ಥಿಂಗ್ ಕಡಿದು ಗೇಜು ಸುಳ್ಳು ಹೇಳುತ್ತದೆ. ಒಂದು ಕಂಪನಿಯ ಸೆನ್ಸರಿಗೆ ಇನ್ನೊಂದರ ಗೇಜು ಜೋಡಿಸುವುದೂ ತಪ್ಪು. ಎರಡರ ಓಮ್ ಲೆಕ್ಕ ಹೊಂದದಿದ್ದರೆ ಮುಳ್ಳು ಆಡುತ್ತದೆ, ಅಂಕಿ ಮಾತ್ರ ತಪ್ಪು. ಗೇಜು ಚಾಲಕನ ಕಣ್ಣಿಗೆ ಬೀಳಬೇಕು, ರಸ್ತೆಯನ್ನು ಮರೆಮಾಡಬಾರದು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುವುದು ನೋಂದಣಿ ಪತ್ರದ ವಿವರ ಬದಲಾಗುವಂಥ ಮಾರ್ಪಾಡುಗಳನ್ನು. ಗೇಜು ಕೂಡಿಸಿದರೆ ಆ ವಿವರಗಳು ಬದಲಾಗುವುದಿಲ್ಲ. ಆದರೂ ಹೊಸ ಗಾಡಿಯ ವೈರು ಕತ್ತರಿಸುವ ಮುನ್ನ ವಾರಂಟಿಯ ಷರತ್ತು ಓದಿಕೊಳ್ಳುವುದು ಜಾಣತನ.

ಮುಳ್ಳನ್ನೂ ಪರೀಕ್ಷಿಸಿ

ಟೆಂಪರೇಚರ್ ಸೆನ್ಸರಿನೊಳಗೆ ಸಾಮಾನ್ಯವಾಗಿ ಇರುವುದು ಥರ್ಮಿಸ್ಟರ್. ಬಿಸಿಯೇರಿದಂತೆ ಅದರ ರೋಧ ಕಡಿಮೆಯಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ, ಹಿರಿಯರು ಜೊತೆಗಿರುವಾಗ ನೋಡಬಹುದು. ಸೆನ್ಸರನ್ನು ದಾರ ಕಟ್ಟಿ ಬಿಸಿನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಪಕ್ಕದಲ್ಲಿಟ್ಟು, ನೀರು ಆರುತ್ತ ಹೋದಂತೆ ಪ್ರತಿ 10 ಡಿಗ್ರಿಗೊಮ್ಮೆ ಮಲ್ಟಿಮೀಟರಿನಲ್ಲಿ ರೋಧ ಅಳೆದು ಬರೆದುಕೊಳ್ಳಬೇಕು. ಗ್ರಾಫ್ ಹಾಳೆಯಲ್ಲಿ ಬರುವುದು ನೇರ ಗೆರೆಯಲ್ಲ, ಬಾಗಿದ ಗೆರೆ.

ಇದರಿಂದ ಇನ್ನೊಂದು ಪಾಠವೂ ಸಿಗುತ್ತದೆ. ಇಂಥ ಸೆನ್ಸರಿನ ವೈರು ಕಡಿದರೆ ರೋಧ ಅಪಾರ. ಗೇಜು 'ತಂಪು' ಎನ್ನುತ್ತದೆ. ರೇಡಿಯೇಟರಿನ ನೀರೆಲ್ಲ ಸೋರಿಹೋದರೂ ಅಷ್ಟೆ: ಸೆನ್ಸರಿಗೆ ನೀರು ತಾಗದೆ, ಇಂಜಿನ್ ಸುಡುತ್ತಿರುವಾಗಲೂ ಮುಳ್ಳು ಕೆಳಗಿಳಿಯಬಹುದು. ಏರಿದ ಮುಳ್ಳನ್ನು ಕಂಡು ಗಾಡಿ ನಿಲ್ಲಿಸುವವರು ಬಹಳ ಮಂದಿ. ಹೇರು ಎಳೆಯುವಾಗ ಮುಳ್ಳು ಕಾರಣವಿಲ್ಲದೆ ಇಳಿದರೂ ನಿಲ್ಲಿಸಬೇಕು ಎಂಬುದು ಒಳಗಿನ ತತ್ವ ಬಲ್ಲವರಿಗಷ್ಟೇ ಹೊಳೆಯುತ್ತದೆ. ಮಗ ಅಷ್ಟು ಕಲಿತಿದ್ದರೆ ತಂದೆ ಪಾನಾ ಅವನ ಕೈಗೆ ಕೊಡಬಹುದು.